ಗ್ಲಾಸ್ಗೋದಲ್ಲಿ ಒಂದು ತನಿ

ಮಲ್ಲೇಶ್ವರಂ: ಸೀನನ ಗ್ಯಾರೇಜು

ನಾನು ಚಾಮರಾಜಪೇಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವವನು. ನೆಲಕ್ಕೆ ಹಾಕಿದ ಟೈಲ್ಸನ್ನು ಬೆರಳ ಗೆಣ್ಣಿನಿಂದ ತಟ್ಟಿ, ಎಲ್ಲಿ ಗಟ್ಟಿ ಎಲ್ಲಿ ಟೊಳ್ಳು ಎಂದು ಹೇಳಬಲ್ಲೆ. ಮನುಷ್ಯರ ವಿಷಯದಲ್ಲೂ ನನ್ನ ಅಂದಾಜು ಸಾಮಾನ್ಯವಾಗಿ ತಪ್ಪುವುದಿಲ್ಲ. ತಪ್ಪಿದಾಗ ನನ್ನ ಹೆಂಡತಿ ವಸಂತ ಅದನ್ನು ನೆಂಟರಿಷ್ಟರಿಗೆಲ್ಲ ತಿಳಿಸುವುದರಿಂದ ನಾನು ಬೇರೆ ಹೇಳುವ ಅಗತ್ಯ ಬೀಳುವುದಿಲ್ಲ. ಶನಿವಾರ ಸಂಜೆ ಮಾತ್ರ ಅಂಗಡಿಯನ್ನು ಅವಳಿಗೆ ಬಿಟ್ಟು ಮಲ್ಲೇಶ್ವರಂಗೆ ಹೋಗಿ ಡ್ರಮ್ಸ್ ಬಾರಿಸುತ್ತೇನೆ. ನಾನು ಗ್ಲಾಸ್ಗೋವರೆಗೆ ಹೋಗಿಬಂದದ್ದು ಆ ಶನಿವಾರಗಳನ್ನು ಉಳಿಸಿಕೊಳ್ಳಲಿಕ್ಕೆ.

ನಾವು ನಾಲ್ವರು ಗೆಳೆಯರು ಕಾಲೇಜಿನ ದಿನಗಳಿಂದಲೂ ಒಬ್ಬನೇ ರಾಕ್ ಗಾಯಕನ ಅಭಿಮಾನಿಗಳು. ಅವನು ಸ್ಕಾಟ್ಲೆಂಡಿನವನು. ಆ ಕಾಲದಲ್ಲಿ ಅವನಿಗೆ ಬೆನ್ನು ಮುಚ್ಚುವ ಕೂದಲು, ಎದೆಗಿಳಿಯುವ ಗಡ್ಡ. ನಾಲ್ವರಲ್ಲಿ ಒಬ್ಬನಾದ ಸೀನನ ಕೋಣೆಯ ಗೋಡೆಯ ಮೇಲಿದ್ದ ಅವನ ಪೋಸ್ಟರನ್ನು ನೋಡಿ ಸೀನನ ಅಮ್ಮ, ಇವರು ಯಾವ ಮಠದ ಸ್ವಾಮಿಗಳು ಎಂದು ಕೇಳಿ ಕೈಮುಗಿದಿದ್ದರು. ಅಂದಿನಿಂದ ನಮ್ಮೊಳಗೆ ಅವನು ‘ಸ್ವಾಮಿಗಳು’. ಸೀನ ಈಗ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾನೆ, ನಮ್ಮ ತಂಡದಲ್ಲಿ ಗಿಟಾರ್ ಹಿಡಿದು ಹಾಡುತ್ತಾನೆ. ಪ್ರತಿವರ್ಷ ಸಂಕ್ರಾಂತಿ ಕಳೆದ ಮೇಲೆ ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ನಾವು ಸ್ವಾಮಿಗಳ ಹಾಡುಗಳನ್ನಷ್ಟೇ ನುಡಿಸುತ್ತೇವೆ. ಊರಿನ ಅಭಿಮಾನಿಗಳೂ ನಮ್ಮ ನೆಂಟರೂ ಬರುತ್ತಾರೆ. ಅಭಿಮಾನಿಗಳು ಹಾಡಿಗೆ, ನೆಂಟರು ಕಾಫಿಗೆ.

ಕೆಲವು ವರ್ಷಗಳ ಹಿಂದೆ ಸ್ವಾಮಿಗಳು ಕೂದಲು ಗಡ್ಡ ಎರಡನ್ನೂ ತೆಗೆಸಿ, ವಾದ್ಯವೃಂದವನ್ನೆಲ್ಲ ಮನೆಗೆ ಕಳಿಸಿ, ಒಂದು ಸ್ಟೂಲಿನ ಮೇಲೆ ಕೂತು ಬರೀ ಕರೆಂಟಿಲ್ಲದ ಮರದ ಗಿಟಾರಿಗೆ ಹಾಡಲು ತೊಡಗಿದರು. ಅಭಿಮಾನಿಗಳಲ್ಲಿ ಎರಡು ಪಂಗಡವಾಯಿತು. ಇಷ್ಟು ದಿನ ಕಿರುಚಿದವರು ಈಗ ಹಾಡುತ್ತಿದ್ದಾರೆ ಎಂದಿತು ಒಂದು. ಇಷ್ಟು ದಿನ ಹಾಡಿದವರು ಈಗ ಗೊಣಗುತ್ತಿದ್ದಾರೆ ಎಂದಿತು ಇನ್ನೊಂದು. ಸೀನ ಮೊದಲನೆಯ ಪಂಗಡ. ನಾನು ಎರಡನೆಯದು. ಉಪ್ಪಿಲ್ಲದ ಸಾರಿಗೆ ಪಥ್ಯ ಅಂತ ಹೆಸರಿಟ್ಟರೆ ರುಚಿ ಬಂದೀತೇ ಎಂಬುದು ನನ್ನ ವಾದ. ಶನಿವಾರಗಳೆಲ್ಲ ನುಡಿಸುವುದಕ್ಕಿಂತ ಈ ಜಗಳದಲ್ಲೇ ಕಳೆಯತೊಡಗಿದವು.

ಒಂದು ಶನಿವಾರ ಸೀನ ಮೆಲ್ಲಗೆ ಹೇಳಿದ: "ಈ ಸಲ ನಾವೂ ಮರದ ಗಿಟಾರಲ್ಲೇ ಮಾಡ್ಬಿಡೋಣ ಕಣೋ. ಸುಮ್ನೆ ಕೂತು."

ಡ್ರಮ್ಸ್ ಎಂಬ ಮಾತನ್ನು ಅವನು ಎತ್ತಲಿಲ್ಲ. ಎತ್ತದಿದ್ದುದೇ ನನಗೆ ಹೆಚ್ಚು ಚುಚ್ಚಿತು. ಡ್ರಮ್ಸ್ ಇಲ್ಲದ ತಂಡದಲ್ಲಿ ಡ್ರಮ್ಸ್ ಬಾರಿಸುವವನಿಗೆ ಉಳಿಯುವುದು ಚಪ್ಪಲಿ ಕಾಯುವ ಕೆಲಸ. ಗ್ಯಾರೇಜಿನಲ್ಲಿ ನಾನು ಎಂದಿನ ಹಾಗೆ ಜೋರಾಗಿಯೇ ಮಾತಾಡಿದೆ, ಆದರೆ ನನಗೆ ಹೆದರಿಕೆಯಾಗಿತ್ತು. ಈ ವಯಸ್ಸಿನಲ್ಲಿ ಗೆಳೆಯರನ್ನು ಹೊಸದಾಗಿ ಎಲ್ಲಿಂದ ತರುವುದು? ಬೇಸ್ ಗಿಟಾರಿನ ಮೂರ್ತಿಗೆ ನಮ್ಮಿಬ್ಬರ ಜಗಳ ಕೇಳಿ ಸಾಕಾಗಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ನೀವಿಬ್ಬರೂ ಪ್ರತ್ಯಕ್ಷವನ್ನೂ ಕಂಡಿಲ್ಲ, ಹೋಗಿ ಕಣ್ಣಾರೆ ನೋಡಿ ಕಿವಿಯಾರೆ ಕೇಳಿ ಬನ್ನಿ, ಇಬ್ಬರೂ ಒಪ್ಪಿ ಬಂದದ್ದನ್ನು ಮಾಡೋಣ ಎಂದ. ಸ್ವಾಮಿಗಳು ತಮ್ಮ ಸ್ವಂತ ಊರಾದ ಗ್ಲಾಸ್ಗೋದಲ್ಲಿ ಹಾಡುವವರಿದ್ದರು. ನಾವು ಹೊರಟೆವು.

ವಿಮಾನ ನಿಲ್ದಾಣ: ನುಗ್ಗೇಕಾಯಿ

ಕೆಲವರು ಪ್ರಯಾಣಕ್ಕೆ ಹೊರಟಾಗ ಜೇಬಿನಲ್ಲಿ ದೇವರ ಕುಂಕುಮದ ಪೊಟ್ಟಣ ಇಟ್ಟುಕೊಳ್ಳುತ್ತಾರೆ. ನಾನು ಡ್ರಮ್ಸಿನ ಕೋಲುಗಳನ್ನು ಇಟ್ಟುಕೊಳ್ಳುತ್ತೇನೆ. ತಪಾಸಣೆಯವರು ಚೀಲದಿಂದ ಅವನ್ನು ಎತ್ತಿ ತೆಗೆದು ಇವೇನು ಎಂದು ಕೇಳಿದರು. ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ತೋರಿಸುವುದು ಸುಲಭವೆಂದು ಅವರ ಪ್ಲಾಸ್ಟಿಕ್ ತಟ್ಟೆಯ ಮೇಲೆ ಸ್ವಲ್ಪ ಬಾರಿಸಿದೆ. ಹಿಂದಿನ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಸೀನ ನನ್ನ ಪರಿಚಯವೇ ಇಲ್ಲದವನಂತೆ ಬೂಟಿನ ಲೇಸು ಕಟ್ಟುತ್ತ ಕೂತ.

ಕೋಲುಗಳನ್ನು ಬಿಟ್ಟರು. ಅಷ್ಟರಲ್ಲಿ ಸೀನ ಮನೆಯವರ ವಾಟ್ಸಾಪಿಗೆ, ಡ್ರಮ್‌ಸ್ಟಿಕ್ಕಿನಿಂದ ತಪಾಸಣೆಯಲ್ಲಿ ತಡವಾಯಿತು ಎಂದು ಹಾಕಿಬಿಟ್ಟಿದ್ದ. ಅವನ ಅಮ್ಮನಿಂದ ತಕ್ಷಣ ಧ್ವನಿ ಸಂದೇಶ ಬಂತು: "ಅಲ್ಲಿಗೆ ಯಾಕೋ ನುಗ್ಗೇಕಾಯಿ ಹೊತ್ಕೊಂಡ್ ಹೋದ್ರಿ? ಹುಳಿ ಯಾರು ಮಾಡ್ತಾರೆ ಅಲ್ಲಿ?" ಗ್ಲಾಸ್ಗೋ ತಲುಪುವವರೆಗೂ ನಾವು ಅದನ್ನೇ ನೆನೆದು ನಕ್ಕೆವು. ಜಗಳವಿಲ್ಲದೆ ನಾವಿಬ್ಬರೂ ಅಷ್ಟು ಹೊತ್ತು ಕಳೆದು ಬಹಳ ಕಾಲವಾಗಿತ್ತು.

ಗ್ಲಾಸ್ಗೋ: ಸುತ್ತುವ ರೈಲು

ಗ್ಲಾಸ್ಗೋದವರು ಇಂಗ್ಲಿಷ್ ಮಾತಾಡುತ್ತಾರೆಂದು ಕೇಳಿದ್ದೆ. ಇಳಿದ ಮೇಲೆ ನಂಬಿಕೆ ಹೋಯಿತು. ಪದಗಳನ್ನು ಅರ್ಧಕ್ಕೇ ನುಂಗಿ ಮುಂದಕ್ಕೆ ಓಡುತ್ತಾರೆ. ನಾವು ‘ಮಾಡ್ತಿದೀನಿ’, ‘ಬಂದ್ಬಿಡು’ ಎನ್ನುವವರು, ಬೇರೆಯವರ ನುಂಗುವಿಕೆಯನ್ನು ಆಡಿಕೊಳ್ಳುವ ಹಕ್ಕು ನಮಗಿಲ್ಲ. ಒಂದು ಪದ ಮಾತ್ರ ಮೊದಲ ದಿನವೇ ಹಿಡಿತಕ್ಕೆ ಸಿಕ್ಕಿತು. ಅದು ‘ವೀ’. ಚಿಕ್ಕದು ಎಂದು ಅರ್ಥವಂತೆ. ಆದರೆ ಅವರು ಅದನ್ನು ಹಾಕದ ಜಾಗವಿಲ್ಲ. ಒಂದು ವೀ ನಿಮಿಷ ಇರಿ, ಒಂದು ವೀ ಚಹಾ ಕುಡಿಯಿರಿ, ಹೊರಗೆ ವೀ ಮಳೆ ಇದೆ. ಆ ವೀ ಮಳೆಗೆ ನನ್ನ ಒಳ ಅಂಗಿಯೂ ನೆನೆಯಿತು. ನಮ್ಮೂರಿನ ‘ಸ್ವಲ್ಪ’ ಕೂಡ ಹಾಗೇ ಅಲ್ಲವೇ? ಸ್ವಲ್ಪ ಜರುಗಿ ಎಂದವರು ಇಡೀ ಸೀಟನ್ನು ಹಿಡಿಯುತ್ತಾರೆ. ಇದು ತಿಳಿದ ಮೇಲೆ ಆ ಊರು ನನಗೆ ಪರವೂರು ಅನ್ನಿಸಲಿಲ್ಲ.

ಅಲ್ಲಿ ನೆಲದಡಿಯ ರೈಲಿದೆ. ನಮ್ಮ ಮೆಟ್ರೋ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತದೆ, ಅವರದು ಸುಮ್ಮನೆ ಸುತ್ತುತ್ತದೆ. ಒಂದು ಹಳಿ ಬಲಕ್ಕೆ, ಇನ್ನೊಂದು ಎಡಕ್ಕೆ, ಅಷ್ಟೇ. ಬೋಗಿ ಎಷ್ಟು ಕುಳ್ಳು ಎಂದರೆ ಸೀನ ಬಾಗಿಲಲ್ಲಿ ಗರ್ಭಗುಡಿಗೆ ಹೋಗುವವನಂತೆ ತಲೆ ಬಗ್ಗಿಸಿದ. ಸ್ವಾಮಿಗಳ ಕಛೇರಿಗೆ ಹೊರಟ ಸಂಜೆ ಆ ರೈಲಿನಲ್ಲಿ ಕೂತು ನಮ್ಮ ಜಗಳ ಮತ್ತೆ ಶುರುವಾಯಿತು. ಸ್ವಾಮಿಗಳಿಗೆ ಈಗ ವಯಸ್ಸಾಗಿದೆ, ಕೂಗಲು ಉಸಿರಿಲ್ಲ, ಅದಕ್ಕೇ ಕೂತಿದ್ದಾರೆ ಎಂದು ನಾನಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೂ ಸೇರಿಸಿದೆ. ಸೀನ ಕೆಂಪಾದ. ಈಗಿನ ಪ್ರತಿಯೊಂದು ಹಾಡಿನ ವಿಡಿಯೋವನ್ನೂ ನೋಡಿದ್ದೇನೆ, ನೀನು ಒಂದನ್ನಾದರೂ ಪೂರ್ತಿ ನೋಡಿದ್ದೀಯಾ ಎಂದು ಕೇಳಿದ. ನೋಡಿರಲಿಲ್ಲ. ಹಾಗಂತ ಒಪ್ಪಿಕೊಳ್ಳಲಿಲ್ಲ.

ಜಗಳದಲ್ಲಿ ಇಳಿಯಬೇಕಾದ ನಿಲ್ದಾಣ ದಾಟಿ ಹೋಯಿತು. ಊರೆಲ್ಲ ಸುತ್ತಿ ಅದೇ ನಿಲ್ದಾಣಕ್ಕೆ ಬಂದಾಗ ಎದುರಿನ ಮುದುಕರೊಬ್ಬರು ನಮ್ಮ ಭಾಷೆ ತಿಳಿಯದಿದ್ದರೂ ವಿಷಯ ತಿಳಿದವರಂತೆ, ಈ ರೈಲು ಜಗಳಕ್ಕೆ ಒಳ್ಳೆಯದು, ಎಷ್ಟು ಹೊತ್ತಾದರೂ ಎಲ್ಲಿಗೂ ಹೋಗುವುದಿಲ್ಲ ಎಂದರು.

ಸಾಲಿನಲ್ಲಿ

ಸಭಾಂಗಣದ ಹೊರಗೆ ಅಭಿಮಾನಿಗಳ ಸಾಲಿತ್ತು. ನಮ್ಮಲ್ಲಿ ಇಂಥ ವಾದ ನಡೆಯುವುದು ಗುಂಪಿನಲ್ಲಿ. ಗಾಂಧಿ ಬಜಾರಿನ ಹೋಟೆಲಿನ ಮುಂದೆ ಬೈಟು ಕಾಫಿ ಹಿಡಿದು ವೃತ್ತವಾಗಿ ನಿಂತು, ಯಾರ ದನಿ ದೊಡ್ಡದೋ ಅವರು ಮಧ್ಯಕ್ಕೆ ಬರುತ್ತಾರೆ. ಇಲ್ಲೂ ಅದೇ ವಾದ, ಅದೇ ಎರಡು ಪಂಗಡ, ಆದರೆ ಎಲ್ಲವೂ ಸಾಲಿನಲ್ಲಿ. ಒಬ್ಬ ದಪ್ಪ ಮನುಷ್ಯ ತನಗಿಂತ ನಾಲ್ಕು ಜನರ ಹಿಂದಿದ್ದವನ ಜೊತೆ ಕತ್ತು ತಿರುಗಿಸಿ ವಾದಿಸುತ್ತಿದ್ದ. ಸಿಟ್ಟಿನಲ್ಲಿ ಕಿವಿ ಕೆಂಪಾಗಿದ್ದವು, ಕಾಲು ಮಾತ್ರ ಸಾಲು ಬಿಡಲಿಲ್ಲ. ಮಧ್ಯದ ನಾಲ್ವರು ಇಬ್ಬರಿಗೂ ತೊಂದರೆಯಾಗದಂತೆ ತಲೆ ಬಾಗಿಸಿಕೊಂಡು ನಿಂತಿದ್ದರು.

ನಮ್ಮ ಮುಂದಿದ್ದ ಹೆಂಗಸಿನ ಹೆಸರು ಐಲೀನ್. ನಮ್ಮದೇ ವಯಸ್ಸು. ಬೆಂಗಳೂರಿನಿಂದ ಇದಕ್ಕೆಂದೇ ಬಂದೆವು ಎಂದಾಗ ಅವಳು ಸ್ವಾಮಿಗಳನ್ನು ಬಿಟ್ಟು ನಮ್ಮನ್ನೇ ನೋಡತೊಡಗಿದಳು. ಅಬ್ಬರದ ದಿನಗಳಲ್ಲಿ ಅವಳೂ ಅವಳ ಅಣ್ಣನೂ ವೇದಿಕೆಗೆ ಒತ್ತಿಕೊಂಡು ನಿಲ್ಲುತ್ತಿದ್ದರಂತೆ, ಒಂದು ಕಛೇರಿಯನ್ನೂ ಬಿಟ್ಟವರಲ್ಲವಂತೆ. ಸ್ವಾಮಿಗಳು ಸ್ಟೂಲಿನ ಮೇಲೆ ಕೂತ ಮೇಲೆ ಅಣ್ಣ ಒಂದೇ ಸಲ ಬಂದು, ಆಮೇಲೆ ಬರುವುದನ್ನು ನಿಲ್ಲಿಸಿದ. ಮೊದಮೊದಲು ಹಾಡಿನ ಬಗ್ಗೆ ಜಗಳವಾಡುತ್ತಿದ್ದರು, ಆಮೇಲೆ ಹಾಡಿನ ಮಾತನ್ನೇ ಬಿಟ್ಟರು, ಈಗ ಬರೀ ಹಬ್ಬಕ್ಕೆ ಫೋನು. ಇವತ್ತೂ ಅವಳು ಎರಡು ಸೀಟು ತೆಗೆದುಕೊಂಡಿದ್ದಳು. ಅವನು ಬರುವುದಿಲ್ಲವೆಂದು ಬೆಳಿಗ್ಗೆ ಹೇಳಿದನಂತೆ.

ನಾನು ಸೀನನ ಕಡೆ ನೋಡಿದೆ. ಅವನು ಬೇರೆಲ್ಲೋ ನೋಡುತ್ತಿದ್ದ.

ಸಭಾಂಗಣ

ಒಳಗೆ ಹೋಗುವ ಮುನ್ನ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ಚಾಮರಾಜಪೇಟೆಯಲ್ಲಿ ರಾಮನವಮಿಯ ಕಾಲಕ್ಕೆ ವಾರಗಟ್ಟಲೆ ಸಂಗೀತ ಕಛೇರಿಗಳು ನಡೆಯುತ್ತವೆ. ಹಾಡು, ಪಿಟೀಲು ಎಲ್ಲ ನಿಂತು ಮೃದಂಗದವರು ಮಾತ್ರ ನುಡಿಸುವ ಭಾಗ ಒಂದಿದೆ, ಅದಕ್ಕೆ ‘ತನಿ’ ಎನ್ನುತ್ತಾರೆ. ತನಿ ಶುರುವಾಯಿತೆಂದರೆ ಜನ ಕಾಫಿಗೆ ಏಳುತ್ತಾರೆ. ಹಾಡಿಲ್ಲವಲ್ಲ, ಇನ್ನೇನು ಕೇಳುವುದು ಎಂಬ ಭಾವ. ನನ್ನ ಅಮ್ಮ ಮಾತ್ರ ಏಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಜನರ ಜೊತೆ ಎದ್ದರೆ ಅಂಗಿ ಹಿಡಿದು ಕೂರಿಸಿ, "ಕೂತ್ಕೋ, ತನಿ ನಡೀತಿದೆ" ಎನ್ನುತ್ತಿದ್ದಳು. ಆಮೇಲೆ ನನ್ನ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಒಂದು ತಟ್ಟು, ಮೂರು ಬೆರಳಿನ ಎಣಿಕೆ, ಮತ್ತೆ ಎರಡು ಸಲ ತಟ್ಟಿ ಕೈ ಮಗುಚುವುದು, ಅಲ್ಲಿಗೆ ಒಂದು ಆವರ್ತ. ನಾನು ಮೃದಂಗ ಕಲಿಯದೆ ಡ್ರಮ್ಸಿಗೆ ಹೋದರೂ ಆ ಎಣಿಕೆ ಕೈಯಲ್ಲಿ ಉಳಿಯಿತು. ಈ ಕಥೆಯನ್ನು ಸೀನನಿಗೆ ನೂರಾರು ಸಲ ಹೇಳಿ ತಲೆ ತಿಂದಿದ್ದೇನೆ.

ಗ್ಲಾಸ್ಗೋದ ಆ ಸಭಾಂಗಣ ಹಿಂದೆ ಚರ್ಚಾಗಿತ್ತಂತೆ. ಕೂತ ಕೂಡಲೇ ಮರದ ಬೆಂಚನ್ನು ತಟ್ಟಿ ನೋಡಿದೆ, ಗಟ್ಟಿಯಾಗಿತ್ತು. ನನ್ನ ಎಡಕ್ಕೆ ಸೀನ, ಬಲಕ್ಕೆ ಐಲೀನ್, ಅವಳಾಚೆ ಅಣ್ಣನ ಖಾಲಿ ಜಾಗ. ಜನ ಕೂತ ರೀತಿ ನೋಡಿ ದಂಗಾದೆ. ನಮ್ಮಲ್ಲಾದರೆ ಕಡಲೇಕಾಯಿ ಪೊಟ್ಟಣದ ಸದ್ದು, ಇದು ಯಾವ ರಾಗ ಎಂದು ಪಕ್ಕದವರನ್ನು ಪರೀಕ್ಷಿಸುವ ದೊಡ್ಡವರು, ಮಧ್ಯೆ ಓಡುವ ಮಗು. ಇಲ್ಲಿ ಕೆಮ್ಮನ್ನು ಕೂಡ ಹಾಡು ಮುಗಿಯುವವರೆಗೆ ಕೂಡಿಟ್ಟುಕೊಂಡು ಆಮೇಲೆ ಎಲ್ಲರೂ ಒಟ್ಟಿಗೆ ಕೆಮ್ಮುತ್ತಿದ್ದರು.

ಸ್ವಾಮಿಗಳು ಬಂದರು, ಕೂತರು, ಹಾಡಿದರು. ಮೊದಲ ಹಾಡುಗಳು ಮುಗಿಯುವ ಹೊತ್ತಿಗೆ ನನ್ನ ತೀರ್ಪು ಸಿದ್ಧವಾಗಿತ್ತು. ಟೊಳ್ಳು. ದನಿಯಲ್ಲಿ ಹಳೆಯ ಬೆಂಕಿ ಇರಲಿಲ್ಲ. ಸೀನ ಕಣ್ಣು ಮುಚ್ಚಿ ತಲೆ ತೂಗುತ್ತಿದ್ದ. ಮೂರ್ತಿಗೆ ಏನು ಹೇಳಬೇಕೆಂದು ವಾಕ್ಯ ಜೋಡಿಸುತ್ತ, ನನಗೇ ತಿಳಿಯದಂತೆ ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಆ ನಿಶ್ಶಬ್ದದಲ್ಲಿ ನನ್ನ ತಟ್ಟು ಬಾಗಿಲು ಬಡಿದ ಹಾಗೆ ಕೇಳಿಸಿರಬೇಕು. ಐಲೀನ್ ನನ್ನ ಕಿವಿಯ ಹತ್ತಿರ ಬಾಗಿ, ಕಾಲಿಗೆ ಏನಾದರೂ ನೋವಿದೆಯೇ ಎಂದು ಕೇಳಿದಳು. ಸೀನ ಮೊಣಕೈಯಿಂದ ತಿವಿದ. ತಟ್ಟುವುದನ್ನು ಬಿಟ್ಟು ಬೆರಳಿನಲ್ಲಷ್ಟೇ ಎಣಿಸತೊಡಗಿದೆ.

ಆಗ ಸ್ವಾಮಿಗಳು ರೈಲಿನ ಹಾಡನ್ನು ಎತ್ತಿಕೊಂಡರು. ಅಬ್ಬರದ ಕಾಲದಲ್ಲಿ ಅದು ಅವರ ಅತಿ ದೊಡ್ಡ ಹಾಡು. ಅದರ ನಡುವೆ ಉಳಿದ ವಾದ್ಯಗಳೆಲ್ಲ ನಿಂತು, ಡ್ರಮ್ಸ್ ಮಾತ್ರ ನಾಲ್ಕು ಆವರ್ತ ಮೊಳಗುತ್ತದೆ. ನನ್ನ ಬದುಕಿನಲ್ಲಿ ಸೊಗಸಾದ ಭಾಗವೆಂದರೆ ಅದೇ. ವರ್ಷಕ್ಕೊಮ್ಮೆ ಬಸವನಗುಡಿಯಲ್ಲಿ ಅದನ್ನು ನುಡಿಸಲಿಕ್ಕೆಂದೇ ಉಳಿದ ದಿನ ಟೈಲ್ಸ್ ಮಾರುತ್ತೇನೆ ಎಂದರೂ ಸರಿ. ಈ ಮರದ ಗಿಟಾರಿನ ಮನುಷ್ಯ ಆ ಜಾಗದಲ್ಲಿ ಏನು ಮಾಡುತ್ತಾನೋ ನೋಡೋಣವೆಂದು ಕಾದು ಕೂತೆ.

ಆ ಜಾಗ ಬಂತು. ಸ್ವಾಮಿಗಳು ತಂತಿಗಳ ಮೇಲೆ ಅಂಗೈ ಇಟ್ಟು ಸದ್ದನ್ನು ಅಡಗಿಸಿದರು. ತಲೆ ತಗ್ಗಿಸಿದರು. ಹಾಡು ಮುಗಿಯಿತೆಂದು ಹಲವರು ಚಪ್ಪಾಳೆ ತಟ್ಟಿದರು. ಎಲ್ಲ ವಿಡಿಯೋ ನೋಡಿದ್ದ ಸೀನನೂ ತಟ್ಟಿದ. ಸ್ವಾಮಿಗಳು ಅಲುಗಲಿಲ್ಲ. ಚಪ್ಪಾಳೆ ನಾಚಿಕೊಂಡು ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಬೆರಳು ಮಾತ್ರ ನಿಂತಿರಲಿಲ್ಲ. ಒಂದು ಆವರ್ತ ಮುಗಿಯಿತು. ಎರಡನೆಯದೂ ಮುಗಿದಾಗ ನನ್ನ ಮೈ ಬಿಸಿಯಾಯಿತು. ಮೂರನೆಯದರಲ್ಲಿ ಕೈ ತಾನಾಗಿ ತೊಡೆಯನ್ನು ತಟ್ಟತೊಡಗಿತು. ಸೀನ ತಿವಿದರೂ ಬಿಡಲಿಲ್ಲ. ನಾಲ್ಕನೆಯದು ತುಂಬಿ ಮುಂದಿನ ತಟ್ಟು ಎಲ್ಲಿ ಬೀಳಬೇಕೋ ಅಲ್ಲಿ, ಕೂದಲೆಳೆಯೂ ಆಚೀಚೆಯಾಗದಂತೆ, ಸ್ವಾಮಿಗಳ ಬೆರಳು ತಂತಿಯ ಮೇಲೆ ಬಿತ್ತು.

"ಭಲೇ!"

ಅದು ನನ್ನ ಬಾಯಿಂದ ಬಂದದ್ದು. ಚಾಮರಾಜಪೇಟೆಯ ಪೆಂಡಾಲಿನಲ್ಲಿ ಹೇಗೆ ಬರುತ್ತದೋ ಹಾಗೆ, ಹೊಟ್ಟೆಯ ಬುಡದಿಂದ. ಇಡೀ ಸಭೆ ನನ್ನ ಕಡೆ ತಿರುಗಿತು. ಬಾಗಿಲಲ್ಲಿದ್ದ ಹುಡುಗಿ ಟಾರ್ಚು ಹಿಡಿದು ನನ್ನ ಕಡೆ ಹೊರಟಳು. ಸ್ವಾಮಿಗಳು ನುಡಿಸುತ್ತಲೇ ತಲೆಯೆತ್ತಿ ಕತ್ತಲಲ್ಲಿ ನನ್ನ ದಿಕ್ಕನ್ನು ಹುಡುಕಿ ನಕ್ಕರು. ಒಬ್ಬ ಡ್ರಮ್ಮರ್ ಬಂದಿದ್ದಾನೆ ಎಂದು ಮೈಕಿನಲ್ಲಿ ಹೇಳಿ ಹಾಡನ್ನು ಮುಂದುವರಿಸಿದರು. ಟಾರ್ಚಿನ ಹುಡುಗಿ ಹಿಂದಿರುಗಿದಳು. ಆ ಮೌನ ಟೊಳ್ಳಾಗಿರಲಿಲ್ಲ. ಡ್ರಮ್ಸನ್ನು ಮನೆಗೆ ಕಳಿಸಿದ ಮನುಷ್ಯ ಅದರ ಜಾಗವನ್ನು ಒಂದಿಂಚೂ ಕಡಿಮೆ ಮಾಡದೆ ಹಾಗೇ ಕಾದಿರಿಸಿದ್ದ.

ಮೆಟ್ಟಿಲ ಮೇಲೆ

ಹೊರಗೆ ಬಂದಾಗ ವೀ ಮಳೆ ಹಿಡಿದಿತ್ತು. ಬಾಗಿಲ ಸೂರಿನಡಿ ಅಭಿಮಾನಿಗಳ ವಾದ ಮತ್ತೆ ಸಾಲುಗಟ್ಟಿತು. ಆ ಮೌನದಲ್ಲಿ ಅವನು ಸಾಹಿತ್ಯ ಮರೆಯುತ್ತಾನೆ ಎಂದರು ಕೆಲವರು. ಉಸಿರು ತೆಗೆದುಕೊಳ್ಳುತ್ತಾನೆ ಎಂದರು ಬೇರೆಯವರು. ಮುದುಕ ಮರೆಗುಳಿಯಾಗಿದ್ದಾನೆ ಎಂದು ತನ್ನ ಅಣ್ಣ ಹೇಳುವುದೂ ಇದೇ ಜಾಗಕ್ಕೆ ಎಂದಳು ಐಲೀನ್. ವಿಡಿಯೋಗಳಲ್ಲಿ ಇದು ಯಾಕಿಲ್ಲ ಎಂದು ಸೀನ ಕೇಳಿದ. ವಿಡಿಯೋ ಹಾಕುವವರು ಆ ಮೌನವನ್ನು ಕತ್ತರಿಸಿಯೇ ಹಾಕುತ್ತಾರಂತೆ. ಏನೂ ನಡೆಯುವುದಿಲ್ಲವಲ್ಲ, ನೋಡುವವರಿಗೆ ಬೇಜಾರಂತೆ. ಹಾಡಿಲ್ಲದ ಜಾಗಕ್ಕೆ ಕಾಫಿಗೆ ಏಳುವವರು ನಮ್ಮೂರಲ್ಲಿ ಮಾತ್ರ ಇಲ್ಲ.

ನಾನು ಚೀಲದಿಂದ ಕೋಲುಗಳನ್ನು ತೆಗೆದೆ. ಮೆಟ್ಟಿಲ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಆ ನಾಲ್ಕು ಆವರ್ತವನ್ನು ಮೆಲ್ಲಗೆ ನುಡಿಸಿದೆ. ಇದೇ ಅದು ಎಂದೆ. ಅವರು ಮರೆತಿಲ್ಲ, ಉಸಿರನ್ನೂ ತೆಗೆದುಕೊಳ್ಳುತ್ತಿಲ್ಲ, ಇದನ್ನು ಕೇಳಿಸಿಕೊಳ್ಳುತ್ತಿದ್ದಾರೆ ಎಂದೆ. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಇಷ್ಟು ಹೇಳಲು ಸಾಕಾಯಿತು. ಇನ್ನೊಮ್ಮೆ ನುಡಿಸಲು ಐಲೀನ್ ಕೇಳಿ, ಫೋನು ತೆಗೆದು ಅಣ್ಣನಿಗೆ ಕರೆ ಮಾಡಿ, ಅದನ್ನು ಕೋಲುಗಳ ಹತ್ತಿರ ಹಿಡಿದಳು. ನಾನು ನುಡಿಸಿದೆ. ಮುಗಿದ ಕಡೆ ಅವಳೇ ಹಾಡಿನ ಮುಂದಿನ ಸಾಲನ್ನು ಗುನುಗಿದಳು. ಆ ಕಡೆಯಿಂದ ಅವನು ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಅವಳು ಫೋನನ್ನು ಕಿವಿಗೊತ್ತಿಕೊಂಡು ಬಹಳ ಹೊತ್ತು ನಿಂತಿದ್ದಳು.

ಹಿಂದಿರುಗುವ ರೈಲಿನಲ್ಲಿ ನಮ್ಮ ಜಗಳ ತಲೆಕೆಳಗಾಯಿತು. ಮರದ ಗಿಟಾರಿನಲ್ಲೇ ಮಾಡೋಣವೆಂದು ನಾನು ಹಟ ಹಿಡಿದೆ. ಆಗುವುದೇ ಇಲ್ಲ, ಡ್ರಮ್ಸ್ ಬೇಕೇಬೇಕು ಎಂದ ಸೀನ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಈ ಎತ್ತು ಕೋಣಗಳು ಜಾಗ ಬದಲಾಯಿಸಿಕೊಂಡರೂ ಎಳೆತ ನಿಲ್ಲಲಿಲ್ಲ. ಮತ್ತೆ ನಿಲ್ದಾಣ ದಾಟಿಹೋಯಿತು.

"ಡ್ರಮ್ಸ್ ಇಲ್ದಿದ್ರೆ ಸ್ಟೇಜ್ ಮೇಲೆ ನೀನೇನೋ ಮಾಡ್ತೀಯಾ?" ಎಂದು ಕೊನೆಗೆ ಅವನು ಕೇಳಿದ.

"ಕೂತಿರ್ತೀನಿ. ಎಣಿಸ್ತೀನಿ. ಮತ್ತೆ ಯಾವಾಗ ಎತ್ಕೋಬೇಕು ಅಂತ ನಿಂಗೆ ಗೊತ್ತಾಗ್ಬೇಕಲ್ಲ. ಇವತ್ತು ಚಪ್ಪಾಳೆ ತಟ್ದೋನು ನೀನು."

ಗಣಿತದ ಮೇಷ್ಟ್ರು ತನ್ನ ತೊಡೆಯ ಮೇಲೆ ಒಂದು ಆವರ್ತ ಎಣಿಸಿ ನೋಡಿದ, ತಪ್ಪಿತು. ಆಮೇಲೆ, "ನಿನ್ನ ಬಿಟ್ಟು ಮಾಡ್ಬೇಕು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ ಕಣೋ" ಎಂದ. ನಾನು ಹಾಗಂದುಕೊಂಡಿದ್ದೆ ಎಂದು ಹೇಳಲಿಲ್ಲ. ಅವನಿಗೆ ಗೊತ್ತಿತ್ತು.

ಬಸವನಗುಡಿ: ಮೂರನೇ ಸಾಲು

ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಡಬ್ಬಿಗಳಲ್ಲಿ ಉಳಿದಿದ್ದ ಭಾನುವಾರ ನಮ್ಮ ಕಾರ್ಯಕ್ರಮ ನಡೆಯಿತು. ಮರದ ಗಿಟಾರು, ಮೂವರಿಗೆ ಸ್ಟೂಲು. ಸೊಂಟ ನೋವಿನ ನನಗೆ ಮಾತ್ರ ಕುರ್ಚಿ. ಕೋಲುಗಳು ನನ್ನ ಮಡಿಲಲ್ಲಿದ್ದವು. ಡ್ರಮ್ಸ್ ಎಲ್ಲಿ, ಮಾರಿಬಿಟ್ಟಿರಾ ಎಂದು ಮುಂದಿನ ಸಾಲಿನಿಂದ ಯಾರೋ ಕೇಳಿದರು. ಗ್ಲಾಸ್ಗೋದಲ್ಲಿ ಇವರು ಚರ್ಚಿನೊಳಗೆ ಕೂಗಿ ಮರ್ಯಾದೆ ಕಳೆದರು ಎಂಬ ಸುದ್ದಿಯನ್ನು ವಸಂತ ಆಗಲೇ ಎಲ್ಲ ಸಾಲುಗಳಿಗೂ ಮುಟ್ಟಿಸಿದ್ದಳು.

ರೈಲಿನ ಹಾಡು ಬಂತು. ಸೀನ ಚೆನ್ನಾಗಿ ಹಾಡಿದ, ಇಷ್ಟು ವರ್ಷಗಳಲ್ಲಿ ಅವನ ದನಿಯನ್ನು ನಾನು ಸರಿಯಾಗಿ ಕೇಳಿಸಿಕೊಂಡಿರಲೇ ಇಲ್ಲ ಅನ್ನಿಸಿತು. ಆ ಜಾಗಕ್ಕೆ ಬಂದು ತಂತಿಯ ಮೇಲೆ ಅಂಗೈ ಇಟ್ಟ. ಸಭೆ ಚಪ್ಪಾಳೆ ತಟ್ಟಿ, ತಪ್ಪಾಯಿತೆಂದು ನಿಲ್ಲಿಸಿತು. ನಾನು ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಸೀನನ ಕಣ್ಣು ನನ್ನ ಕೈ ಮೇಲಿತ್ತು.

ಎರಡನೆಯ ಆವರ್ತದಲ್ಲಿ ಮೂರನೇ ಸಾಲಿನಿಂದ ವಸಂತಳ ಸೋದರಮಾವ ಎದ್ದರು. ಪಂಚೆ ಸರಿಮಾಡಿಕೊಂಡು ಕಾಫಿಯ ವಾಸನೆ ಬರುತ್ತಿದ್ದ ಬಾಗಿಲ ಕಡೆ ನೋಡಿದರು. ಅವರ ಹಿಂದೆ ಇನ್ನಿಬ್ಬರು ಏಳತೊಡಗಿದರು. ನನ್ನ ಕೈ ನಿಲ್ಲುವಂತಿರಲಿಲ್ಲ, ಬಾಯಿ ಬಿಡುವಂತಿರಲಿಲ್ಲ.

ಸೀನ ಮೈಕಿನಿಂದ ಮುಖ ಪಕ್ಕಕ್ಕೆ ಸರಿಸಿ, ಮೂರನೇ ಸಾಲಿಗೆ ಕೇಳುವಷ್ಟೇ ದನಿಯಲ್ಲಿ ಹೇಳಿದ:

"ಕೂತ್ಕೊಳ್ಳಿ ಸಾರ್. ತನಿ ನಡೀತಿದೆ."

ಅವರು ಕೂತರು. ಹಿಂದಿನವರೂ ಕೂತರು. ನನ್ನ ಕಣ್ಣು ಮಂಜಾಯಿತು, ಆದರೆ ಎಣಿಕೆ ತಪ್ಪಲಿಲ್ಲ. ನಾಲ್ಕನೆಯ ಆವರ್ತ ತುಂಬಿತು, ನನ್ನ ಕೈ ತೊಡೆಗೆ ಬಿತ್ತು, ಅವನ ಬೆರಳು ತಂತಿಗೆ ಬಿತ್ತು.